ಯಾರ ಕೈಗೆ ಯಾವ ಪುಸ್ತಕ?

(ಉಲ್ಲಾಳದಲ್ಲಿ ವಾಚನಾಲಯದ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಉಲ್ಲಾಳ ಎಂದ ಕೂಡಲೇ ಹೊರಗಿನವರು ಸಮುದ್ರ ಎಲ್ಲಿ, ರಾಣಿ ಅಬ್ಬಕ್ಕ ಆಳಿದ ಊರು ಇದೇ ಏನು ಎಂದು ಕೇಳುವುದುಂಟು. ಅದು ಮಂಗಳೂರಿನ ಮಗ್ಗುಲಿನ ಉಲ್ಲಾಳ. ನಮ್ಮದು ಬೆಂಗಳೂರಿನ ಪಡುವಣ ಅಂಚಿನಲ್ಲಿ, ಕೆಂಗೇರಿಯ ಬಳಿ, ಜ್ಞಾನಭಾರತಿಯ ಬೆನ್ನಿಗೆ ಇರುವ ಉಲ್ಲಾಳ. ನಮ್ಮಲ್ಲಿ ಸಮುದ್ರವಿಲ್ಲ, ಕೆರೆ ಇದೆ. ರಾಣಿ ಇಲ್ಲ, ಬಾಡಿಗೆ ಮನೆಗಳಿವೆ. ಈ ಬಾಡಿಗೆ ಮನೆಗಳಿಂದ ಎದ್ದು, ರಜೆಯ ಒಂದು ದಿನವನ್ನೂ ಬಿಟ್ಟು, ಪುಸ್ತಕದ ಮಾತು ಕೇಳಲು ಇಷ್ಟು ಜನ ಬಂದಿರುವುದೇ ನಮಗೆ ಸಂತೋಷದ ಸಂಗತಿ.

ಇಲ್ಲಿ ಕುಳಿತಿರುವವರಲ್ಲಿ ಅರ್ಧದಷ್ಟು ಜನ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೋ ಪೀಣ್ಯದ ಕಾರ್ಖಾನೆಗೋ ಹೋಗಿ ಬರುವವರು. ಉಳಿದವರಲ್ಲಿ ದಿನಸಿ ಅಂಗಡಿಯವರು, ಹೂವು ಹಣ್ಣು ಮಾರುವವರು, ಹೊಲಿಗೆ ಯಂತ್ರ ಇಟ್ಟುಕೊಂಡವರು ಇದ್ದೀರಿ. ಹಿಂದಿನ ಸಾಲಿನಲ್ಲಿ ಕುಳಿತ ಇಬ್ಬರು ಹಿರಿಯರು ಬಿನ್ನಿ ಮಿಲ್ಲಿನಲ್ಲಿ ದುಡಿದವರು. ಆ ಮಿಲ್ಲು ಇಂದು ಇಲ್ಲ. ಮಲ್ಲೇಶ್ವರದ ರಾಜಾ ಮಿಲ್ಲು ನಿಂತಿದ್ದ ನೆಲದ ಮೇಲೆ ದೊಡ್ಡ ಮಾಲು ಎದ್ದಿದೆ. ಮಿಲ್ಲು ಹೋದರೂ ಮಿಲ್ಲಿನ ಕಾಲದಲ್ಲಿ ಹತ್ತಿದ ಓದಿನ ಚಟ ಹೋಗಿಲ್ಲವೆಂದು ಆ ಹಿರಿಯರು ಹೇಳುತ್ತಾರೆ. ಮಧ್ಯಾಹ್ನ ಎರಡರ ಪಾಳಿ ಬಿಟ್ಟು ಮನೆಗೆ ಹೋಗುವ ಮುನ್ನ ಬಾಡಿಗೆ ಲೈಬ್ರರಿಗೆ ಹೋಗಿ ಅನಕೃ ಕಾದಂಬರಿ ತರುತ್ತಿದ್ದರಂತೆ.

ನಾವು ಕೆಲವರು ಸಂಜೆ ಹೊತ್ತು ಪುಸ್ತಕ ಕೊಡುವ ಮೇಜಿನ ಹಿಂದೆ ಕೂರುತ್ತೇವೆ. ಅಲ್ಲಿ ನಮಗೆ ದಿನವೂ ಬೀಳುವ ಪ್ರಶ್ನೆ ಒಂದೇ: “ಅಣ್ಣಾ, ಒಂದು ಒಳ್ಳೇ ಪುಸ್ತಕ ಹೇಳಿ.” ಕೇಳುವುದಕ್ಕೆ ಇದು ಸುಲಭದ ಪ್ರಶ್ನೆ. ಉತ್ತರ ಹೇಳುವಾಗ ನಾವು ಹಲವು ಸಲ ಎಡವಿದ್ದೇವೆ. ಆ ಎಡವಿದ ಕಥೆಯಿಂದಲೇ ಈ ಭಾಷಣವನ್ನು ಪ್ರಾರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಒಬ್ಬ ತರುಣ ಬಂದ. ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ವಿಭಾಗದ ಸಹಾಯಕ. ಎಸ್ಸೆಸ್ಸೆಲ್ಸಿ ಆದ ಮೇಲೆ ಪುಸ್ತಕ ಮುಟ್ಟಿರಲಿಲ್ಲ. ಕನ್ನಡದಲ್ಲಿ ಎಲ್ಲಕ್ಕಿಂತ ದೊಡ್ಡ ಕಾದಂಬರಿ ಯಾವುದು, ಅದನ್ನೇ ಕೊಡಿ ಎಂದ. ನಮಗೂ ಉತ್ಸಾಹ ಬಂತು. ಕುವೆಂಪು ಅವರ “ಮಲೆಗಳಲ್ಲಿ ಮದುಮಗಳು” ತೆಗೆದು ಕೊಟ್ಟೆವು. 1967ರಲ್ಲಿ ಬಂದ ಪುಸ್ತಕ, ಏಳುನೂರು ಪುಟಗಳ ಹತ್ತಿರ ಹೋಗುವಂಥದು, ಒಬ್ಬ ನಾಯಕನೆಂಬುವನಿಲ್ಲ, ಹತ್ತಾರು ಮನೆಗಳು, ನೂರಾರು ಹೆಸರುಗಳು. ಆತ ಎರಡು ಸಲ ಅವಧಿ ಮುಂದುವರಿಸಿಕೊಂಡ. ಮೂರು ತಿಂಗಳಾದ ಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು, “ನನ್ನ ತಲೆಗೆ ಇದು ಹತ್ತಲ್ಲ ಬಿಡಿ ಸಾರ್” ಎಂದು ಹೇಳಿ ಹೋದ. ಪುಟ ಮಡಿಸಿದ ಗುರುತು ನಲವತ್ತನೆಯ ಪುಟದಲ್ಲಿತ್ತು. ಆಮೇಲೆ ಆತ ಬರಲಿಲ್ಲ.

ದೋಷ ಪುಸ್ತಕದ್ದೂ ಆಗಿರಲಿಲ್ಲ, ಆತನ ತಲೆಯದೂ ಆಗಿರಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ನಿಂತು ದುಡಿದು ರಾತ್ರಿ ಅರ್ಧ ಗಂಟೆ ಓದಲು ಕೂರುವವನಿಗೆ ನಾವು ನಮ್ಮ ಮೆಚ್ಚಿಕೆಯನ್ನು ಹೊರಿಸಿ ಕಳಿಸಿದ್ದೆವು. ಓದುಗನೊಬ್ಬನನ್ನು ಕಳೆದುಕೊಂಡ ಆ ಸಂಗತಿ ನಮ್ಮನ್ನು ಇಂದಿಗೂ ಕೊರೆಯುತ್ತದೆ. ಪುಸ್ತಕ ಕಳೆದರೆ ದಂಡ ವಸೂಲು ಮಾಡುವ ನಿಯಮ ಎಲ್ಲ ಕಡೆಯೂ ಇದೆ. ಓದುಗ ಕಳೆದರೆ ದಂಡ ಕಟ್ಟುವವರು ಯಾರು?

ಈ ವಿಷಯವನ್ನು ಬಹಳ ಹಿಂದೆಯೇ ಯೋಚಿಸಿದ ಮಹನೀಯರೊಬ್ಬರು ನಮ್ಮ ನೆರೆಯಲ್ಲೇ ಒಂದು ಗುರುತು ಬಿಟ್ಟು ಹೋಗಿದ್ದಾರೆ. ಮೈಸೂರು ರಸ್ತೆಯ ಎಂಟನೆಯ ಮೈಲಿಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್ಸ್ಟಿಟ್ಯೂಟಿನ ಆವರಣವಿದೆ. ಬಸ್ಸಿನಲ್ಲಿ ಹೋಗುವಾಗ ನಿಮ್ಮಲ್ಲಿ ಅನೇಕರು ಆ ಬೋರ್ಡನ್ನು ನೋಡಿರಬಹುದು. ಗ್ರಂಥಾಲಯ ಶಾಸ್ತ್ರದ ತರಬೇತಿಗೆಂದು ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕೇಂದ್ರ ಅದರೊಳಗೆ ಇದೆ. ಮದರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದು ಆಮೇಲೆ ಗ್ರಂಥಪಾಲಕರಾದ ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ಬರೆದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ, ಬೀರುವಿನಲ್ಲಿ ಬೀಗ ಹಾಕಿಡುವುದಕ್ಕಲ್ಲ ಎಂಬುದು ಮೊದಲನೆಯ ಸೂತ್ರದ ಅರ್ಥ. ಒಬ್ಬೊಬ್ಬ ಓದುಗನಿಗೂ ಅವನದೇ ಆದ ಪುಸ್ತಕ ಸಿಗಬೇಕು, ಒಂದೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮುಂದಿನವೆರಡರ ಅರ್ಥ. ಆ ಆವರಣದಿಂದ ಅಷ್ಟೇನೂ ದೂರವಿಲ್ಲದ ನಮ್ಮಲ್ಲಿಯೇ ಈ ಮಾತನ್ನು ಮರೆತದ್ದು ಹೇಗೆ ಎಂದು ಆ ತರುಣ ಹೋದ ಮೇಲೆ ನಾವು ನಮ್ಮನ್ನೇ ಕೇಳಿಕೊಂಡೆವು.

ಈಗ ಮೊದಲ ಸಲ ಬರುವವರಿಗೆ ನಾವು ಕೊಡುವುದು ಬೇರೆ ಪುಸ್ತಕ. ಸಿದ್ಧಲಿಂಗಯ್ಯನವರ “ಊರುಕೇರಿ”. ಅವರ ಆತ್ಮಕಥೆ. ಸಣ್ಣ ಪುಸ್ತಕ, ಸಣ್ಣ ಸಣ್ಣ ವಾಕ್ಯ, ಬಸ್ಸಿನಲ್ಲಿ ಕುಳಿತೂ ಓದಬಹುದು. ಸಿದ್ಧಲಿಂಗಯ್ಯನವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ, ಬೆಂಗಳೂರಿನ ಬಡವರ ಬೀದಿಗಳಲ್ಲಿ ಬೆಳೆದು, ಕೊನೆಗೆ ನಮ್ಮ ಪಕ್ಕದ ಜ್ಞಾನಭಾರತಿಯಲ್ಲೇ ಕನ್ನಡದ ಪ್ರಾಧ್ಯಾಪಕರಾದವರು. 1975ರ “ಹೊಲೆಮಾದಿಗರ ಹಾಡು” ಅವರನ್ನು ನಾಡಿಗೆಲ್ಲ ಪರಿಚಯ ಮಾಡಿಸಿತು. 2021ರಲ್ಲಿ ಕೋವಿಡ್ಡಿನಿಂದ ತೀರಿಕೊಂಡರು. ಹಸಿವು, ಅವಮಾನ, ಹಾಸ್ಟೆಲ್ಲಿನ ಊಟ, ಎಲ್ಲವನ್ನೂ ಅವರು ಬರೆದಿದ್ದಾರೆ. ಆದರೆ ಓದುವವನು ನಗುತ್ತಾ ನಗುತ್ತಾ ಓದುತ್ತಾನೆ, ನಕ್ಕ ಮೇಲೆ ಗಂಟಲು ಕಟ್ಟುತ್ತದೆ.

ಆ ಪುಸ್ತಕದ ಆರಂಭದಲ್ಲೇ ಒಂದು ಚಿತ್ರ ಬರುತ್ತದೆ. ಹೊಲದಲ್ಲಿ ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ನೋಡುತ್ತಿರುವ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪನೆಂದು ಗೊತ್ತಾಗುತ್ತದೆ. ಇದು ಸ್ವಾತಂತ್ರ್ಯ ಬಂದ ಮೇಲಿನ ಮಾತು, ಬೆಂಗಳೂರಿನಿಂದ ಒಂದು ಹೊತ್ತಿನ ದಾರಿಯಲ್ಲಿ ನಡೆದದ್ದು. ಇಷ್ಟನ್ನು ಓದಿದವರು ಪುಸ್ತಕವನ್ನು ಅರ್ಧಕ್ಕೆ ಹಿಂದಿರುಗಿಸಿದ್ದನ್ನು ನಾವು ಕಂಡಿಲ್ಲ.

ಅದನ್ನು ಮುಗಿಸಿ ತಂದುಕೊಟ್ಟ ದಿನವೇ ನಾವು ಶಿವರಾಮ ಕಾರಂತರ “ಚೋಮನ ದುಡಿ”ಯನ್ನು ಕೈಗಿಡುತ್ತೇವೆ. 1933ರ ಕಾದಂಬರಿ. ಚೋಮನಿಗೆ ಒಂದು ಜೋಡಿ ಎತ್ತುಗಳಿವೆ, ಮನಸ್ಸಿನಲ್ಲಿ ಒಂದೇ ಆಸೆ ಇದೆ: ಒಂದು ತುಂಡು ನೆಲವನ್ನು ತಾನೇ ಬೇಸಾಯ ಮಾಡಬೇಕು. ಹುಟ್ಟಿದ ಜಾತಿ ಅದಕ್ಕೆ ಬಿಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಒಬ್ಬ ಮತ ಬಿಟ್ಟು ಹೋಗುತ್ತಾನೆ, ಮಗಳು ಬೆಳ್ಳಿ ತನ್ನ ಮೈಯಿಂದ ಸಾಲ ತೀರಿಸಬೇಕಾಗುತ್ತದೆ, ಚಿಕ್ಕವನು ಹೊಳೆಯಲ್ಲಿ ಮುಳುಗುವಾಗ ಮುಟ್ಟಬಾರದವನೆಂದು ದಡದಲ್ಲಿದ್ದವರು ಕೈ ಚಾಚುವುದಿಲ್ಲ. ಒಂದು ಪುಸ್ತಕದಲ್ಲಿ ನೊಗಕ್ಕೆ ಕಟ್ಟಲ್ಪಟ್ಟ ಮನುಷ್ಯ, ಇನ್ನೊಂದರಲ್ಲಿ ಉಳಲು ಎತ್ತು ಇದ್ದೂ ನೆಲವಿಲ್ಲದ ಮನುಷ್ಯ. ಎರಡನ್ನೂ ಒಂದೇ ತಿಂಗಳಲ್ಲಿ ಓದಿದವರು ಮೇಜಿನ ಬಳಿ ಬಂದು ತಾವಾಗಿ ಮಾತಿಗಿಳಿಯುತ್ತಾರೆ. ಭೂಸುಧಾರಣೆಯ ಮೇಲೆ ನಾವು ಹತ್ತು ಭಾಷಣ ಮಾಡಿದರೂ ಆಗದ ಚರ್ಚೆ ಅಲ್ಲಿ ಆಗಿಬಿಡುತ್ತದೆ. 1975ರಲ್ಲಿ ಬಿ. ವಿ. ಕಾರಂತರು ತೆಗೆದ ಸಿನಿಮಾ ನೋಡಿದವರೂ ಪುಸ್ತಕವನ್ನು ಬಿಡಬಾರದು. ವಾಸುದೇವರಾಯರ ಮುಖ ಮರೆಯುವಂಥದಲ್ಲ ನಿಜ, ಆದರೆ ಚೋಮ ಇರುಳಲ್ಲಿ ದುಡಿ ಬಡಿಯುವುದನ್ನು ಕಾರಂತರ ಮಾತಿನಲ್ಲಿ ಓದುವುದೇ ಬೇರೆ.

ಇನ್ನು ನಿರಂಜನರ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಬೇಕು, ಏಕೆಂದರೆ ದುಡಿಯುವವರ ಕಪಾಟಿನಲ್ಲಿ ಮೊದಲ ಸಾಲು ಇವರದು. 1924ರಲ್ಲಿ ಸುಳ್ಯದ ಕಡೆಯ ಕುಳಕುಂದದಲ್ಲಿ ಹುಟ್ಟಿದ ಶಿವರಾಯರೇ ನಿರಂಜನರು. ಹುಡುಗರಾಗಿದ್ದಾಗ ನೀಲೇಶ್ವರದಲ್ಲಿ ಓದುತ್ತಿದ್ದರು. ಆಗ ಕಾಸರಗೋಡಿನ ಸೀಮೆಯೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಸೀಮೆಯ ಕಯ್ಯೂರಿನಲ್ಲಿ ಜಮೀನ್ದಾರರ ಗೇಣಿ, ಬಿಟ್ಟಿ ಕಾಣಿಕೆಗಳ ವಿರುದ್ಧ ರೈತರು ಸಂಘ ಕಟ್ಟಿದ್ದರು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಎದುರಾದ ಒಬ್ಬ ಪೋಲೀಸು ಪೇದೆ ನದಿಗೆ ಬಿದ್ದು ಸತ್ತ. ಊರಿಗೆ ಊರೇ ಪೋಲೀಸರ ಕೈಗೆ ಸಿಕ್ಕಿತು. ಐವರಿಗೆ ಗಲ್ಲು ಎಂದಾಯಿತು. ಒಬ್ಬನಿಗೆ ವಯಸ್ಸು ಸಾಲದೆಂದು ಜೀವ ಉಳಿಯಿತು. ಉಳಿದ ನಾಲ್ವರನ್ನು, ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕರ್ ಎಂಬುವರನ್ನು, 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಈ ನಾಲ್ವರು ಮಲಯಾಳ ಮಾತನಾಡುತ್ತಿದ್ದವರು. ಅವರ ಮೇಲೆ ಕನ್ನಡದಲ್ಲಿ ಕಾದಂಬರಿ ಬಂದದ್ದು 1955ರಲ್ಲಿ, “ಚಿರಸ್ಮರಣೆ” ಎಂಬ ಹೆಸರಿನಲ್ಲಿ. ಮುಂದಿನ ವರ್ಷ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಯ್ಯೂರು ಕೇರಳಕ್ಕೆ ಸೇರಿತು. ಗಡಿ ಎಲ್ಲಿ ಬಿತ್ತು ಎಂದು ನಾವು ಇಂದಿಗೂ ಜಗಳವಾಡುತ್ತೇವೆ. ಗಡಿಯ ಆಚೆಗೆ ಹೋದ ಆ ನಾಲ್ವರನ್ನು ನಮ್ಮ ಭಾಷೆ ಅದಕ್ಕೂ ಮೊದಲೇ ತನ್ನವರೆಂದು ಬರೆದಿಟ್ಟುಕೊಂಡಿತ್ತು ಎಂಬುದನ್ನು ಮಾತ್ರ ಮರೆಯುತ್ತೇವೆ. ಪುಸ್ತಕ ಮಲಯಾಳಕ್ಕೂ ಹೋಯಿತು, ಅಲ್ಲಿಯವರೂ ಓದಿದರು.

ಕಾದಂಬರಿಯಲ್ಲಿ ಅಪ್ಪು, ಚಿರುಕಂಡ ಇಬ್ಬರೂ ಮೊದಲು ಬರುವುದು ಶಾಲೆಯ ಹುಡುಗರಾಗಿ. ಅವರ ಕಣ್ಣು ತೆರೆಸುವವನು ಒಬ್ಬ ಮಾಸ್ತರ. ಅಕ್ಷರ ಕಲಿಯುವುದಕ್ಕೂ ಸಂಘ ಕಟ್ಟುವುದಕ್ಕೂ ಎಂಥ ನಂಟಿದೆ ಎಂಬುದನ್ನು ನಿರಂಜನರು ಭಾಷಣ ಮಾಡದೆ ತೋರಿಸುವ ಭಾಗಗಳು ಈ ಪುಸ್ತಕದ ಜೀವ. ನಿಷ್ಠುರವಾಗಿ ಒಂದು ಮಾತನ್ನೂ ಹೇಳಬೇಕು. ಭಾಷಣ ಮಾಡುವ ಭಾಗಗಳೂ ಇವೆ. ಜಮೀನ್ದಾರರು ತೀರ ಕೆಟ್ಟವರು, ರೈತರು ತೀರ ಒಳ್ಳೆಯವರು ಆಗಿಬಿಡುವ ಕಡೆ ಕಥೆ ತುಸು ಸೊರಗುತ್ತದೆ. ಅಂಥ ಪುಟಗಳನ್ನು ವೇಗವಾಗಿ ದಾಟಿದರೆ ನಷ್ಟವಿಲ್ಲ. ಕೊನೆಯ ಭಾಗವನ್ನು ಮಾತ್ರ ನಿಧಾನವಾಗಿ ಓದಿರಿ, ಸಾಧ್ಯವಾದರೆ ಮನೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿರಿ.

ನಿರಂಜನರು ಬೇರೆ ಪಕ್ಷದವರಾಗಿದ್ದರಲ್ಲ ಎಂದು ನಮ್ಮ ಸಂಗಾತಿಯೊಬ್ಬರು ಒಮ್ಮೆ ಹುಬ್ಬು ಗಂಟಿಕ್ಕಿದರು. ಲೇಖಕನ ಸದಸ್ಯತ್ವದ ಚೀಟಿ ನೋಡಿ ಪುಸ್ತಕ ತೆಗೆಯುವುದಾದರೆ ನಮ್ಮ ಕಪಾಟಿನಲ್ಲಿ ಧೂಳು ಬಿಟ್ಟು ಬೇರೇನೂ ಉಳಿಯಲಾರದು. ನಮ್ಮವರ ಬಗ್ಗೆಯೇ ಓದಬೇಕೆಂದಿದ್ದರೆ ಯು. ಆರ್. ಅನಂತಮೂರ್ತಿಯವರ “ಅವಸ್ಥೆ” ಇದೆ, 1978ರದು. ಕಾಗೋಡು ಸತ್ಯಾಗ್ರಹದ ನಾಯಕರಾದ ಶಾಂತವೇರಿ ಗೋಪಾಲಗೌಡರ ಬಾಳಿನ ನೆರಳು ಅದರ ಕೃಷ್ಣಪ್ಪಗೌಡನ ಮೇಲೆ ಬಿದ್ದಿದೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ನಾಯಕ ತನ್ನ ಹಿಂದಿನದನ್ನು ತಿರುಗಿ ನೋಡುತ್ತಾನೆ. ಹೊಗಳಿಕೆಯ ಪುಸ್ತಕ ಅದಲ್ಲ. ಹೋರಾಟಗಾರ ಅಧಿಕಾರದ ಹತ್ತಿರ ಬಂದಾಗ ಒಳಗೊಳಗೇ ಏನಾಗುತ್ತದೆಂದು ಅದು ಕೇಳುತ್ತದೆ. ನಮ್ಮ ಪಕ್ಷದವರು ಓದಿ ಮುಖ ಸಪ್ಪಗೆ ಮಾಡಿಕೊಂಡರೆ ಅದು ಪುಸ್ತಕದ ಹೆಚ್ಚುಗಾರಿಕೆ ಎಂದೇ ನಾವು ತಿಳಿಯುತ್ತೇವೆ.

ಮತ್ತೆ ನಿರಂಜನರಿಗೆ ಬಂದರೆ, ಬಾಡಿಗೆ ಮನೆಯಲ್ಲಿರುವವರೆಲ್ಲರೂ “ರಂಗಮ್ಮನ ವಠಾರ”ವನ್ನು ಓದಲೇಬೇಕು. 1954ರ ಬೆಂಗಳೂರಿನ ವಠಾರ. ಒಬ್ಬಳು ಮುದುಕಿ ಒಡತಿ, ಒಂದೇ ಅಂಗಳದ ಸುತ್ತ ಹಲವು ಸಂಸಾರ, ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ಕೇಳುವ ಗೋಡೆ. ಉಲ್ಲಾಳದ ಮೂರಂತಸ್ತಿನ ಕಟ್ಟಡಗಳಲ್ಲಿ ಅಂಗಳ ಹೋಗಿ ಮೆಟ್ಟಿಲು ಬಂದಿದೆ, ಉಳಿದದ್ದೆಲ್ಲ ಹಾಗೆಯೇ ಇದೆ ಎಂದು ನಮ್ಮ ಓದುಗ ಅಕ್ಕ ಒಬ್ಬರು ಹೇಳಿದರು. ನಿರಂಜನರು ಕನ್ನಡಕ್ಕೆ ತಂದ ಗಾರ್ಕಿಯ “ತಾಯಿ”ಯನ್ನೂ ಇದರ ಜೊತೆಯಲ್ಲೇ ಇಟ್ಟಿದ್ದೇವೆ. 1906ರಲ್ಲಿ ಬರೆದ ರಷ್ಯದ ಕಾದಂಬರಿ. ಕಾರ್ಖಾನೆಯ ಕೂಲಿಯೊಬ್ಬನ ವಿಧವೆ, ನಲವತ್ತು ದಾಟಿದವಳು, ಹೊಡೆತ ತಿಂದು ತಿಂದು ಹೆದರಿದವಳು. ಮಗ ಸಂಘಕ್ಕೆ ಸೇರುತ್ತಾನೆ. ಅವಳು ಮೆಲ್ಲನೆ ಅಕ್ಷರ ಕಲಿಯುತ್ತಾಳೆ, ಆಮೇಲೆ ಊಟ ಮಾರುವವಳಂತೆ ಕಾರ್ಖಾನೆಯೊಳಗೆ ಕರಪತ್ರ ಸಾಗಿಸುತ್ತಾಳೆ. ಗಾರ್ಮೆಂಟ್ಸಿನ ಗೇಟಿನಲ್ಲಿ ಊಟದ ಡಬ್ಬಿ ತೆರೆದು ತೋರಿಸಿ ಒಳಗೆ ಹೋಗುವ ನಮ್ಮ ಅಕ್ಕತಂಗಿಯರಿಗೆ ಆ ಪುಟಗಳ ವ್ಯಾಖ್ಯಾನ ಬೇಕಿಲ್ಲ.

ಮಿಲ್ಲಿನವರು ಕೇಳುತ್ತಾರೆ, ನಮ್ಮ ಯೂನಿಯನ್ನಿನ ಕಥೆ ಕನ್ನಡದಲ್ಲಿ ಇಲ್ಲವೇ ಎಂದು. ಇದೆ. ಉಡುಪಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ವ್ಯಾಸರಾಯ ಬಲ್ಲಾಳರ “ಬಂಡಾಯ”ಕ್ಕೆ ಮುಂಬಯಿಯ ಕಾರ್ಮಿಕ ಚಳವಳಿಯೇ ಹಿನ್ನೆಲೆ. ಅದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರ “ಜ್ವಾಲಾಮುಖಿಯ ಮೇಲೆ” ಇದೆ. 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಬಹುಮಾನ ಪಡೆದದ್ದು. ಈ ಎರಡೂ ಪುಸ್ತಕದ ಪ್ರತಿಗಳು ಸುಲಭವಾಗಿ ಸಿಗುವುದಿಲ್ಲ. ಮನೆಯಲ್ಲಿ ಹಳೆಯ ಪ್ರತಿ ಇದ್ದವರು ಓದಲು ಕೊಟ್ಟರೆ ಜೋಪಾನವಾಗಿ ಹಿಂದಿರುಗಿಸುವ ಹೊಣೆ ನಮ್ಮದು.

ಈಗ ಒಂದು ತಕರಾರಿನ ಮಾತು. “ಅನಕೃ, ತರಾಸು, ತ್ರಿವೇಣಿ ಇವೆಲ್ಲ ಹೊತ್ತು ಕಳೆಯುವ ಓದು, ಇವನ್ನು ಏಕೆ ಕೊಡುತ್ತೀರಿ?” ಎಂದು ಕೆಲವು ವಿದ್ಯಾವಂತರು ನಮ್ಮನ್ನು ಗದರಿಸುತ್ತಾರೆ. ಹೊತ್ತು ಎಂಬುದು ಇರುವವರಿಗೆ ಅದನ್ನು ಕಳೆಯುವ ಯೋಚನೆ. ನಮ್ಮ ಓದುಗರು ನಿದ್ದೆಯಿಂದ ಕದ್ದ ಹೊತ್ತಿನಲ್ಲಿ ಓದುವವರು. ಅಂಥವರನ್ನು ಮುಂದಿನ ಪುಟಕ್ಕೆ ಎಳೆಯಬಲ್ಲ ಪುಸ್ತಕವನ್ನು ಕೀಳೆನ್ನುವ ಧೈರ್ಯ ನಮಗಿಲ್ಲ. ಹಾವೇರಿ ಸೀಮೆಯ ಗಳಗನಾಥರು ತಾವು ಬರೆದು ಅಚ್ಚು ಹಾಕಿಸಿದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕನ್ನಡದಲ್ಲಿ ಕಾದಂಬರಿ ಓದುವ ಜನ ಎಂಬುದೊಂದು ಹುಟ್ಟಿತ್ತು. ಆ ಜನವನ್ನು ನೂರು ಪಾಲು ಹೆಚ್ಚಿಸಿದವರು ಅನಕೃ. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು, ಎಲ್ಲವೂ ಒಂದೇ ತೂಕದವಲ್ಲ, ಕೆಲವನ್ನು ಅವರೇ ಮರೆತಿದ್ದರೂ ಆಶ್ಚರ್ಯವಿಲ್ಲ. “ಸಂಧ್ಯಾರಾಗ” ಮಾತ್ರ ಇಂದಿಗೂ ಸಂಗೀತ ತಿಳಿಯದವನಿಗೂ ಸಂಗೀತಗಾರನ ಸಂಕಟವನ್ನು ಮುಟ್ಟಿಸುತ್ತದೆ. ಇತಿಹಾಸ ಇಷ್ಟವೆನ್ನುವವರಿಗೆ ತರಾಸು ಅವರ “ದುರ್ಗಾಸ್ತಮಾನ” ಕೊಡುತ್ತೇವೆ. 1779ರಲ್ಲಿ ಚಿತ್ರದುರ್ಗ ಬಿದ್ದ ಕಥೆ, 1982ರಲ್ಲಿ ಪ್ರಕಟವಾದದ್ದು. ದಪ್ಪ ಪುಸ್ತಕ. ಆದರೂ ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ಹದಿನೈದು ದಿನದಲ್ಲಿ ಮುಗಿಸಿ ತಂದರು. ಆ ಹದಿನೈದು ದಿನ ಗಿರಾಕಿಗಳಿಗೆ ಮೊಳೆಯ ಅಳತೆ ತಪ್ಪಿ ಕೊಟ್ಟರೆಂದು ಅವರ ಮಗನ ದೂರು.

ಹೆಂಗಸರ ಓದಿನ ವಿಷಯದಲ್ಲಿ ಒಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ಹೆಚ್ಚು ಕೈ ಬದಲಾಯಿಸಿ ಬೆನ್ನು ಹರಿದ ಪುಸ್ತಕ ತ್ರಿವೇಣಿಯವರ “ಶರಪಂಜರ”. ಮಾನಸಿಕ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಗುಣವಾಗಿದ್ದಾಳೆಂದು ನಂಬುವುದೇ ಇಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಬರೆದ ತ್ರಿವೇಣಿ ಮಾತ್ರ 1963ರಲ್ಲೇ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡಿದ್ದರು. ಈ ಪುಸ್ತಕ ಓದಿದ ಒಬ್ಬ ತಾಯಿ, ಹೆರಿಗೆಯಾದ ಮೇಲೆ ತನ್ನ ಸೊಸೆ ಮಂಕಾಗಿ ಕೂರುವುದನ್ನು ತಾನು ಸೋಮಾರಿತನ ಎಂದು ಬೈಯುತ್ತಿದ್ದೆನೆಂದೂ ಈಗ ಡಾಕ್ಟರ ಬಳಿ ಕರೆದುಕೊಂಡು ಹೋದೆನೆಂದೂ ಹೇಳಿದರು. ಹೊತ್ತು ಕಳೆಯುವ ಓದು ಎಂದವರಿಗೆ ನಮ್ಮ ಉತ್ತರ ಅಲ್ಲಿದೆ.

ಎಂ. ಕೆ. ಇಂದಿರಾ ಅವರ “ಫಣಿಯಮ್ಮ”ವನ್ನೂ ಮರೆಯಬಾರದು. 1976ರದು. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾಗಿ, ಒಂದು ಶತಮಾನದಷ್ಟು ಕಾಲ ಬೇರೆಯವರ ಮನೆಗೆಲಸ ಮಾಡಿಕೊಂಡು ಬದುಕಿದ ಹೆಂಗಸಿನ ನಿಜವಾದ ಕಥೆ. ಲೇಖಕಿ ತಮ್ಮ ತಾಯಿಯಿಂದ ಕೇಳಿದ್ದು. ಅವಳು ಯಾರ ಮೇಲೂ ಕೂಗಾಡುವುದಿಲ್ಲ. ಆದರೆ ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ಆ ಮುದುಕಿ ನಿಲ್ಲುವ ಘಟ್ಟ ಬಂದಾಗ ಓದುವವರ ಮೈ ನವಿರೇಳುತ್ತದೆ. ಹೆಣ್ಣುಮಕ್ಕಳು ಕಾದಂಬರಿ ಓದಿದರೆ ಕೆಡುತ್ತಾರೆ ಎಂದು ಇಂದಿಗೂ ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡು ಮೊಬೈಲು ಕೊಡುವ ತಂದೆಯರು ನಮ್ಮ ಬಡಾವಣೆಯಲ್ಲಿದ್ದಾರೆ. ಅವರು ಮೊದಲು ಈ ಪುಸ್ತಕವನ್ನು ತಾವು ಓದಲಿ, ಆಮೇಲೆ ಮಾತನಾಡೋಣ.

ಅಂಗಡಿಯವರ ಕಷ್ಟ ಬೇರೆ. ಒಂದು ಪುಟ ಓದುವಷ್ಟರಲ್ಲಿ ಅರ್ಧ ಲೀಟರ್ ಹಾಲು, ಹತ್ತು ರೂಪಾಯಿ ಕೊತ್ತಂಬರಿ ಕೇಳುವವರು ಬಂದು ನಿಲ್ಲುತ್ತಾರೆ. ಇವರಿಗೆ ಕಾದಂಬರಿಗಿಂತ ಸಣ್ಣ ಕಥೆ ಅನುಕೂಲ. ನಿರಂಜನರೇ ಸಂಪಾದಿಸಿದ “ವಿಶ್ವಕಥಾಕೋಶ”ದ 25 ಸಂಪುಟಗಳಿವೆ, ಲೋಕದ ನಾನಾ ದೇಶಗಳ ಕಥೆಗಳು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಂಪುಟ ಇಟ್ಟುಕೊಂಡರೆ ದಿನಕ್ಕೊಂದು ಕಥೆ ಆಗುತ್ತದೆ. ಮಾತಿನ ಹುಟ್ಟು ಬೆಳವಣಿಗೆ ತಿಳಿಯುವ ಆಸೆಯುಳ್ಳವರಿಗೆ ಜಿ. ವೆಂಕಟಸುಬ್ಬಯ್ಯನವರ “ಇಗೋ ಕನ್ನಡ” ಇದೆ. 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರು ಓದುಗರು ಕೇಳಿದ ಪದಗಳಿಗೆಲ್ಲ ಪತ್ರಿಕೆಯಲ್ಲಿ ಉತ್ತರ ಬರೆದು ಮಾಡಿದ ನಿಘಂಟು ಅದು. ಎಲ್ಲಿಂದ ಬೇಕಾದರೂ ತೆರೆದು ಓದಬಹುದು, ಎಲ್ಲಿ ಬೇಕಾದರೂ ಮುಚ್ಚಬಹುದು.

“ಮಲೆಗಳಲ್ಲಿ ಮದುಮಗಳು” ಕಪಾಟಿನಿಂದ ಹೋಗಲಿಲ್ಲ, ಅಲ್ಲೇ ಇದೆ. ಈಗಲೂ ಕೊಡುತ್ತೇವೆ. ಆದರೆ ನಾಲ್ಕಾರು ಕಾದಂಬರಿ ಮುಗಿಸಿದವರಿಗೆ, ಅದೂ ಒಂದು ಸೂಚನೆಯೊಡನೆ ಕೊಡುತ್ತೇವೆ. ಎಲ್ಲ ಹೆಸರುಗಳನ್ನೂ ನೆನಪಿಡಲು ಹೊರಡಬೇಡಿ. ಮೊದಲ ಸಲ ನಾಯಿಗುತ್ತಿಯ ಬೆನ್ನು ಹಿಡಿದು ಹೋಗಿ. ಅವನ ನಾಯಿ ಹುಲಿಯ ಅವನನ್ನು ಬಿಡುವುದಿಲ್ಲ, ನೀವೂ ಬಿಡಬೇಡಿ. ಅವನು ತಿಮ್ಮಿಗಾಗಿ ಕಾಡು, ಮಳೆ, ಒಡೆಯರು, ಜೀತ ಎಲ್ಲವನ್ನೂ ದಾಟಿ ಹೋಗುವ ದಾರಿಯಲ್ಲಿ ಉಳಿದ ಜನರೆಲ್ಲ ತಾವಾಗಿ ಎದುರಾಗುತ್ತಾರೆ. ಈ ಒಂದು ಮಾತನ್ನು ಅಂದು ಆ ತರುಣನಿಗೆ ಹೇಳಿದ್ದರೆ ಸಾಕಾಗಿತ್ತೇನೋ. ಆತನ ಫ್ಯಾಕ್ಟರಿ ಬೇರೆ ಕಡೆಗೆ ಹೋಯಿತೆಂದು ಕೇಳಿದೆವು. ಎಲ್ಲಿದ್ದಾನೋ ತಿಳಿಯದು. ಇಲ್ಲಿ ಯಾರಿಗಾದರೂ ಗೊತ್ತಿದ್ದರೆ, “ಊರುಕೇರಿ”ಯ ಒಂದು ಪ್ರತಿ ಆತನಿಗಾಗಿ ಎತ್ತಿಟ್ಟಿದೆ ಎಂದು ಹೇಳಿ.

ಕೊನೆಗೆ ಹಣದ ವಿಚಾರ. ವ್ಯಾಪಾರಿಗಳು ಇದಕ್ಕಾಗಿಯೇ ಕಾದಿದ್ದಾರೆಂದು ಕಾಣುತ್ತದೆ. ನಮ್ಮ ರಾಜ್ಯದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಆಗಿದೆ. ಆಸ್ತಿ ತೆರಿಗೆಯ ಜೊತೆಯಲ್ಲೇ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಅಂಗಡಿಯವರು ಅದರ ಮೇಲೆ 120 ರೂಪಾಯಿಯನ್ನು ಪುಸ್ತಕಕ್ಕೆಂದೇ ಕೊಡುತ್ತಿದ್ದಾರೆ. ರಸೀದಿಯನ್ನು ತಿರುಗಿಸಿ ನೋಡಿರಿ. ಬಾಡಿಗೆಗೆ ಇರುವವರು ತಮಗೆ ಸಂಬಂಧವಿಲ್ಲವೆಂದು ತಿಳಿಯಬಾರದು. ಮನೆಯ ಒಡೆಯರು ತಮ್ಮ ತೆರಿಗೆಯನ್ನು ಯಾರ ಬಾಡಿಗೆಯಿಂದ ಕಟ್ಟುತ್ತಾರೆಂಬುದು ಲೆಕ್ಕ ತಿಳಿದವರಿಗೆ ಗೊತ್ತು. ಹೀಗೆ ವಸೂಲಾದ ಕರವನ್ನು ನಗರಪಾಲಿಕೆ ಗ್ರಂಥಾಲಯ ಇಲಾಖೆಗೆ ಪೂರ್ತಿ ಸಲ್ಲಿಸದೆ ಬಾಕಿ ಉಳಿಸಿಕೊಂಡ ಸುದ್ದಿಯನ್ನು ಬೆಂಗಳೂರಿನವರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದಾರೆ. ಆದ್ದರಿಂದ ಸರ್ಕಾರಿ ಗ್ರಂಥಾಲಯಕ್ಕೆ ಹೋದಾಗ ಸಂಕೋಚದಿಂದ ಬಾಗಿಲ ಬಳಿ ನಿಲ್ಲುವ ಕಾರಣವಿಲ್ಲ. ಒಳಗೆ ಹೋಗಿ, ಬೇಕಾದ ಪುಸ್ತಕದ ಹೆಸರು ಹೇಳಿ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದು ಕೊಡಿ. ಅಲ್ಲಿ ಕುಳಿತ ನೌಕರರ ಮೇಲೆ ಸಿಟ್ಟು ಮಾಡುವುದು ಬೇಡ. ಅವರಲ್ಲಿ ಅನೇಕರು ನಮ್ಮಂತೆಯೇ ತಿಂಗಳ ಕೊನೆಯನ್ನು ಎಣಿಸುವವರು.

ನಾವು ಒಂದು ದೊಡ್ಡ ನೋಟ್‌ಬುಕ್ಕನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ಎಡಗಡೆಯ ಪುಟದಲ್ಲಿ ನೀವು ಓದಿ ಮುಗಿಸಿದ ಪುಸ್ತಕದ ಹೆಸರು ಬರೆಯಿರಿ. ಬಲಗಡೆಯಲ್ಲಿ ಅದನ್ನು ಯಾರಿಗೆ ಕೊಡಬಹುದೆಂದು ಬರೆಯಿರಿ: ರಾತ್ರಿ ಪಾಳಿಯವರಿಗೆ, ಹೊಸದಾಗಿ ಓದುವವರಿಗೆ, ಅತ್ತೆ ಸೊಸೆ ಇಬ್ಬರಿಗೂ, ಹೀಗೆ. ಅರ್ಧಕ್ಕೆ ಬಿಟ್ಟ ಪುಸ್ತಕವಿದ್ದರೆ ಎಷ್ಟನೆಯ ಪುಟದಲ್ಲಿ ಬಿಟ್ಟಿರೆಂದೂ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಮುಂದಿನ ತಿಂಗಳು ಸರ್ಕಾರಿ ಗ್ರಂಥಾಲಯಕ್ಕೆ ಕೊಡುವ ಬೇಡಿಕೆ ಪಟ್ಟಿಯನ್ನು ಆ ನೋಟ್‌ಬುಕ್ಕಿನಿಂದಲೇ ತಯಾರಿಸುತ್ತೇವೆ. ಮೊದಲ ಹೆಸರನ್ನು ಬಿನ್ನಿ ಮಿಲ್ಲಿನ ಹಿರಿಯರು ಈಗಾಗಲೇ ಬರೆದಿದ್ದಾರೆ. ಪೆನ್ನನ್ನು ದಾರದಿಂದ ಕಟ್ಟಿದ್ದೇವೆ, ದಯವಿಟ್ಟು ಬಿಚ್ಚಬೇಡಿ.